ನೆರಳಿಗೆ ಸರಿಸಿದ ಬೈಕು

ಲಗೇಜ್ ಆಟೋ ಇನ್ನೂ ಸರಿಯಾಗಿ ನಿಂತಿರಲಿಲ್ಲ, ಅಶ್ವತ್ಥ ಹಿಂದಿನಿಂದ ಧುಮುಕಿದ. ಹಣೆಯಿಂದ ಇಳಿದ ರಕ್ತ ಹುಬ್ಬಿನಲ್ಲಿ ಒಂದು ಗಳಿಗೆ ತಂಗಿ, ಅಲ್ಲಿಂದ ಕೆನ್ನೆಗೆ ದಾರಿ ಮಾಡಿಕೊಂಡಿತ್ತು. ಎಡಗೈಯ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದ, ಯಾರದೋ ಕೈಯನ್ನು ಜೋಪಾನವಾಗಿ ತಂದವನ ಹಾಗೆ.

"ಇದೇನಾ ಮೇಸ್ತ್ರಿ ನೀನು ಮಾಡಿದ ರಿಪೇರಿ?" ಎಂದು ಕೂಗಿದ. "ಕ್ಲಚ್ಚು ಬೆಣ್ಣೆ ಇದ್ದಂಗೈತೆ, ಆರಾಮಾಗಿ ಹೋಗು ಅಂತ ಮೊನ್ನೆ ತಾನೇ ಅಂದಿದ್ದೆ. ನೋಡು ನಿನ್ನ ಬೆಣ್ಣೆ! ಟ್ಯಾಂಕರ್ ಕೆಳಕ್ಕೆ ಹೋಗ್ಬುಡ್ತಿದ್ದೆ ಕಣೇ!"

ಮಧುಗಿರಿಯಿಂದ ಸಿರಾ ಕಡೆಗೆ ಹೋಗುವ ರಸ್ತೆಯ ಬದಿಯ ತಗಡಿನ ಶೆಡ್ಡಿನಲ್ಲಿ, ಮೊಳಕಾಲೂರಿ ಯಾರದೋ ಬೈಕಿನ ಚೈನು ಬಿಗಿ ಮಾಡುತ್ತಿದ್ದ ಹರ್ಷಿತಾ ಎದ್ದು ನಿಂತಳು. ಒಂದು ವರ್ಷದಿಂದ ಅವಳು ಪ್ರೀತಿಸಿದ ಮುಖ ಅದು. ಆ ಮುಖದ ನಗು ಗೊತ್ತಿತ್ತು, ಕಳ್ಳನೋಟ ಗೊತ್ತಿತ್ತು. ರಕ್ತ ಗೊತ್ತಿರಲಿಲ್ಲ. ಅಳು ಬರಬೇಕಾದ ಜಾಗದಲ್ಲಿ ಅವಳಿಗೆ ಸಿಟ್ಟು ಬಂತು.

"ಮೊದ್ಲು ಕೂತ್ಕೊ. ಆಮೇಲೆ ಬೈಯಿ."

"ಕೂರಲ್ಲ."

"ಕೂರದಿದ್ರೆ ಬೀಳ್ತೀಯ. ಬಿದ್ರೆ ನಾನು ಎತ್ತಲ್ಲ."

ಅವನು ಕೂತ. ಅವಳು ಕುಡಿಯುವ ನೀರಿನ ಕೊಡವನ್ನೇ ಎಳೆದು ಗಾಯ ತೊಳೆದಳು. ಮುರಿದ ಮಣಿಕಟ್ಟಿಗೆ ರಟ್ಟಿನ ತುಂಡು ಕೊಟ್ಟು ತನ್ನ ದುಪಟ್ಟಾದಿಂದ ಬಿಗಿದಳು. ಆಟೋದವನು ಬೈಕನ್ನು ಒಬ್ಬನೇ ಇಳಿಸಿ ಸ್ಟ್ಯಾಂಡ್ ಹಾಕಿದ. ಅಶ್ವತ್ಥನ ತಲೆಗೆ ಸುತ್ತಿಕೊಳ್ಳಲು ಕೊಟ್ಟಿದ್ದ ತನ್ನ ಟವೆಲನ್ನು ಹಿಂದಕ್ಕೆ ಕೇಳದೆ, "ಆಸ್ಪತ್ರೆಗೆ ಕರ್ಕೊಂಡು ಹೋಗಮ್ಮ" ಎಂದಷ್ಟೇ ಹೇಳಿ ಹೊರಟುಹೋದ.

"ಏನಾಯ್ತು, ಸರಿಯಾಗಿ ಹೇಳು," ಎಂದಳು ಹರ್ಷಿತಾ.

"ರಾಯಚರ್ಲಿಂದ ಬರ್ತಿದ್ದೆ. ಇಳಿಜಾರಲ್ಲಿ ಮುಂದಿದ್ದ ಟ್ಯಾಂಕರು ಗಕ್ಕನೆ ನಿಂತ್ಬುಡ್ತು. ಬ್ರೇಕು ಹಿಡ್ದೆ, ಕ್ಲಚ್ಚು ಹಿಡ್ದೆ. ಬ್ರೇಕು ಹಿಡೀತು. ಕ್ಲಚ್ಚು ಸತ್ತೋಗಿತ್ತು. ಇಂಜಿನ್ನು ಮುಂದಕ್ಕೆ ತಳ್ಳತಾನೇ ಐತೆ, ಗಾಡಿ ಕುಣೀತಾ ಐತೆ. ಚರಂಡಿಗೆ ಎಸೀತು ನನ್ನ." ಅವನು ಮುಖ ತಿರುಗಿಸಿದ. "ಒಳಗೆ ಗಾಳಿ ಬಿಟ್ಟಿದ್ದೀಯ ನೀನು. ಸರಿಯಾಗಿ ತೆಗ್ದಿಲ್ಲ."

ಆ ಮಾತು ಅವಳಿಗೆ ಕಪಾಳಕ್ಕೆ ಬಿಟ್ಟಂತಾಯಿತು. ಯಾಕೆಂದರೆ ಅವರಿಬ್ಬರ ಪ್ರೀತಿ ಶುರುವಾದದ್ದೇ ಆ ಕ್ಲಚ್ಚಿನೊಳಗಿನ ಗಾಳಿ ತೆಗೆಯುವಾಗ.

ಅಶ್ವತ್ಥ ಕೊಳಾಲ ಕಡೆಯ ಕುರಿ ಸಾಕುವ ಮನೆಯ ಹುಡುಗ. ಊರೂರು ತಿರುಗಿ ಕುರಿಗಳಿಗೆ ಲಸಿಕೆ ಹಾಕುವುದು ಅವನ ಕೆಲಸ. ಯಾರೋ ಸವಾರಿ ಮಾಡಿ ಬಿಟ್ಟ ದೊಡ್ಡ ಬೈಕೊಂದನ್ನು ಆಸೆಪಟ್ಟು ತಂದಿದ್ದ. ಮಾಮೂಲಿ ಬೈಕುಗಳಲ್ಲಿ ಕ್ಲಚ್ಚಿಗೆ ತಂತಿ ಇರುತ್ತದೆ. ಇದರಲ್ಲಿ ಬ್ರೇಕಿಗಿದ್ದ ಹಾಗೆ ಎಡಗೈಯ ಲಿವರಿಗೂ ಒಂದು ಪುಟ್ಟ ಆಯಿಲ್ ಡಬ್ಬಿ, ಅದರಿಂದ ಇಂಜಿನ್ನಿಗೆ ಇಳಿದ ಕಪ್ಪು ಪೈಪು. ಮೊದಲ ಸಲ ಅವನು ಬಂದಾಗ ಹರ್ಷಿತಾ ಆ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದ್ದಳು.

"ಏನು ಹಾಕಿದೀರ ಇದಕ್ಕೆ?"

"ಹರಳೆಣ್ಣೆ." ಅವನು ತಲೆ ಕೆರೆದುಕೊಂಡಿದ್ದ. "ನಾನಲ್ಲ ಮೇಡಂ, ನಮ್ಮವ್ವ. ಕೆಂಪಕ್ಕ ಅಂತ. ಎಣ್ಣೆ ಕಮ್ಮಿಯಾಗೈತೆ, ಪಾಪ ಒಣಗಿಹೋಗ್ತದೆ ಅಂತ ಹಾಕ್ಬುಟ್ಟವ್ಳೆ. ಕುರಿ ಗೊರಸಿಗೂ ಅದೇ, ನನ್ನ ತಲೆಗೂ ಅದೇ."

ಹರ್ಷಿತಾ ನಕ್ಕುಬಿಟ್ಟಳು. ಆ ಶೆಡ್ಡಿನಲ್ಲಿ ಗಿರಾಕಿಯ ಮುಂದೆ ಅವಳು ನಕ್ಕದ್ದು ಅದೇ ಮೊದಲು.

ಹಳೆಯ ಆಯಿಲ್ ತೆಗೆದು ಹೊಸದು ತುಂಬಿ ಗಾಳಿ ಬಿಡಿಸಲು ಇಬ್ಬರು ಬೇಕು. ಒಬ್ಬರು ಲಿವರ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಸ್ಕ್ರೂ ಸಡಿಲಿಸಿ ಗುಳ್ಳೆ ಹೊರಬಿಟ್ಟು ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲು ಮೇಲಿನವರು ಕೈ ಬಿಟ್ಟರೆ ಹೋದ ಗಾಳಿಯೆಲ್ಲ ವಾಪಸ್ಸು.

"ನಾನು ಬಿಡು ಅನ್ನೋವರೆಗೂ ಬಿಡಬಾರ್ದು," ಎಂದಿದ್ದಳು.

"ನೀವು ಅನ್ನದೇ ಹೋದ್ರೆ?"

"ಹಿಡ್ಕೊಂಡೇ ಇರಿ."

"ಆಗ್ಲಿ. ನನಗೇನೂ ಅವಸರ ಇಲ್ಲ," ಎಂದು ಅವನು ಮೇಲಿನಿಂದ ಬಗ್ಗಿ ನೋಡಿದ ನೋಟಕ್ಕೆ ಅವಳ ಕಿವಿ ಕೆಂಪಾಗಿ, ಸ್ಕ್ರೂ ಯಾವ ಕಡೆ ತಿರುಗಿಸಬೇಕೆಂಬುದೇ ಮರೆತುಹೋಗಿತ್ತು. ಆಮೇಲೆ ಆ ಬೈಕಿಗೆ ಇಲ್ಲದ ಕಾಯಿಲೆಗಳೆಲ್ಲ ಬಂದವು. ಪಾವಗಡದ ಸೋಲಾರ್ ಹಲಗೆಗಳ ಕೆಳಗೆ ಮೇಯುವ ಕುರಿಗಳಿಗೆ ಸೂಜಿ ಹಾಕಿ, ಮೈತುಂಬ ಕುರಿಯ ವಾಸನೆ ಹೊತ್ತು ಬಂದು, "ಮೇಸ್ತ್ರಿ, ಏನೋ ಸದ್ದು ಬರ್ತೈತೆ" ಅನ್ನುತ್ತಿದ್ದ. ಸದ್ದು ಬೈಕಿನಲ್ಲಿ ಇರುತ್ತಿರಲಿಲ್ಲ.

ಅವಳ ಅಣ್ಣ ಚೇತನ್ ಕುಮಾರ್‌ಗೆ ವಿಷಯ ಗೊತ್ತಾದ ದಿನ ಪಾವಗಡದ ಬಸ್ ಸ್ಟ್ಯಾಂಡಿನಲ್ಲಿ ಅಶ್ವತ್ಥನಿಗೆ ಹೊಡೆದ. "ಕುರಿ ಕಾಯೋನಿಗೆ ನಮ್ಮನೆ ಹೆಣ್ಣು ಬೇಕಾ? ಕೈಕಾಲು ಮುರ್ದು ಬೇಲಿಗೆ ಹಾಕ್ತೀನಿ ಕಣ್ಲಾ!" ಎಂದು ಜನರೆದುರು ಕೂಗಿದ. ಮನೆಗೆ ಬಂದು ತಂಗಿಗೂ ಹೊಡೆದ. ಅವಳ ತುಟಿ ಸೀಳಿತು.

ತಡೆದವರು ಅಪ್ಪ. ಜಯರಾಮಯ್ಯ ದನಿ ಎತ್ತಿ ಮಾತಾಡಿದ್ದನ್ನು ಮಿಡಿಗೇಶಿಯಲ್ಲಿ ಯಾರೂ ಕೇಳಿಲ್ಲ. ಹೆಣ್ಣುಮಗಳು ಗ್ಯಾರೇಜು ತೆರೆಯುತ್ತಾಳೆಂದು ಊರು ಆಡಿಕೊಂಡಾಗ, "ಅವಳ ಓದು, ಅವಳ ಕೈ" ಎಂದು ಶೆಡ್ಡು ಹಾಕಿಸಿಕೊಟ್ಟವರು. ದಿನಾ ಮಧ್ಯಾಹ್ನ ಸ್ಕೂಟರಿನಲ್ಲಿ ಮಗಳಿಗೆ ಊಟ ತರುವವರು. "ಹೊಡೆದ್ರೆ ಏನು ಬಂತು, ಕರೆಸಿ ಮಾತಾಡನ," ಎಂದು ನಿನ್ನೆ ಅಶ್ವತ್ಥನನ್ನು ಊಟಕ್ಕೆ ಕರೆದದ್ದೂ ಅವರೇ.

ಅಪ್ಪ ತಾವೇ ಬಡಿಸಿದರು. ಮುದ್ದೆಗೆ ತುಪ್ಪ ಹಾಕಿ, ಸಾಕು ಎಂದರೂ ಇನ್ನೊಂದು ಚಮಚ ಹಾಕಿದರು. ಅಶ್ವತ್ಥ ತಲೆ ಎತ್ತದೆ ಉಣ್ಣುತ್ತಿದ್ದಾಗ ಹೊರಗೆ ನೋಡಿ, "ಪಾಪ, ಗಾಡಿ ಬಿಸಿಲಲ್ಲಿ ಐತೆ, ಸೀಟು ಸುಡ್ತದೆ," ಎಂದು ಎದ್ದು ಹೋಗಿ ಬೈಕನ್ನು ಹೊಂಗೆಮರದ ನೆರಳಿಗೆ ತಳ್ಳಿ ನಿಲ್ಲಿಸಿ ಬಂದರು. ತಟ್ಟೆ ತೊಳೆಯುತ್ತಾ ಹರ್ಷಿತಾ ಸಂತೋಷಕ್ಕೆ ಅತ್ತಿದ್ದಳು.

ಈಗ ಅವಳು ಬೈಕಿನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಗಾಳಿ ಸೇರಿದ್ರೆ ಲಿವರು ಮೆತ್ತಗಾಗ್ತದೆ. ನಾಕು ಸಲ ಒತ್ತಿದ್ರೆ ಜೀವ ಬರ್ತದೆ. ಹಿಂಗೆ ಪೂರ್ತಿ ಸಾಯಲ್ಲ," ಎಂದು ಒತ್ತಿ ನೋಡಿದಳು. ಲಿವರು ಹಿಡಿಗೆ ಬಡಿದು ಅಲ್ಲೇ ಬಿದ್ದುಕೊಂಡಿತು. ಡಬ್ಬಿ ತೆರೆದಳು. ಖಾಲಿ. ಹಾಗಾದರೆ ಆಯಿಲ್ ಎಲ್ಲಿಗೋ ಸುರಿದಿದೆ. ಇಂಜಿನ್ನಿನ ಬುಡ ಮುಟ್ಟಿದಳು, ಒಣಗಿತ್ತು. ಪೈಪಿನ ಉದ್ದಕ್ಕೂ ಬೆರಳಾಡಿಸುತ್ತಾ ಮೇಲೆ ಬಂದಳು. ಹೆಡ್‌ಲೈಟಿನ ಹಿಂದೆ, ಕಣ್ಣಿಗೆ ಬೀಳದ ತಿರುವಿನಲ್ಲಿ, ಬೆರಳು ನಿಂತಿತು.

ಉಜ್ಜಿ ಹರಿದದ್ದಲ್ಲ. ಬ್ಲೇಡಿನ ಗೀರು. ಅರ್ಧ ಮಾತ್ರ ಕೊಯ್ದಿದ್ದರು. ನೂರು ಸಲ ಒತ್ತುವಾಗ ತಡೆದು ನೂರೊಂದನೆಯದಕ್ಕೆ ಒಡೆಯಲಿ ಅನ್ನುವ ಹಾಗೆ.

ಅಶ್ವತ್ಥ ಬಗ್ಗಿ ನೋಡಿದ. ಅವನ ಮುಖದಲ್ಲಿದ್ದ ಸಿಟ್ಟು ಅವಳನ್ನು ಬಿಟ್ಟು ಬೇರೆ ಕಡೆಗೆ ಹೋಯಿತು.

"ನಿಮ್ಮಣ್ಣ," ಎಂದ. "ಊಟಕ್ಕೆ ಕರೆಸಿ ಕುಯ್ದವ್ನೆ."

ಹರ್ಷಿತಾ ಗೀರಿನ ಮೇಲೆ ಇನ್ನೊಮ್ಮೆ ಬೆರಳೆಳೆದಳು. ಅವಳ ತಲೆ ಮೇಸ್ತ್ರಿಯ ತಲೆ, ಒಂದು ದೋಷ ಸಿಕ್ಕಿತೆಂದು ನಿಲ್ಲುವುದಿಲ್ಲ. ಕೊಲ್ಲಬೇಕೆಂದಿದ್ದವನು ಬ್ರೇಕಿನ ಪೈಪು ಕೊಯ್ಯುತ್ತಾನೆ. ಕ್ಲಚ್ಚಿನದನ್ನು ಯಾಕೆ ಕೊಯ್ದ? ಬ್ರೇಕೆಂದುಕೊಂಡು. ಎಡಗೈಯದು ಬ್ರೇಕೆಂದು ಯಾರು ತಿಳಿಯುತ್ತಾರೆ? ಪಿಯುಸಿಯಿಂದ ಬೈಕು ಓಡಿಸುತ್ತಿರುವ ಅಣ್ಣನಿಗೆ ನಿದ್ದೆಯಲ್ಲಿ ಕೇಳಿದರೂ ಎಡಗೈ ಕ್ಲಚ್ಚೇ. ಎಡಗೈಯೇ ಬ್ರೇಕು ಅನ್ನುವುದು, ಗೇರಿನ ಗಾಡಿ ಮುಟ್ಟದೆ ಸೈಕಲ್ಲಿನಿಂದ ನೇರ ಸ್ಕೂಟರಿಗೆ ಬಂದವರಿಗೆ.

ಪಾಪ, ಸೀಟು ಸುಡ್ತದೆ.

ಅವಳು ಪೈಪಿನಿಂದ ಕೈ ತೆಗೆದಳು. ಬಾಯಿ ತೆರೆಯುವಷ್ಟರಲ್ಲಿ ಶೆಡ್ಡಿನ ಮುಂದೆ ಚೇತನ್ ಬೈಕು ನಿಲ್ಲಿಸಿದ.

"ಏನ್ಲಾ, ಬಿದ್ದಂತೆ? ಮತ್ತೆ ಇಲ್ಲಿಗೇ ಬಂದಿದ್ದೀಯ? ಹೇಳಿರ್ಲಿಲ್ವಾ ನಿನಗೆ—"

ಮಾತು ಮುಗಿಯಲಿಲ್ಲ. ಅಶ್ವತ್ಥ ಬೀಸಿದ ಟೈರು ಬಿಚ್ಚುವ ಕಬ್ಬಿಣದ ಪಟ್ಟಿ ಅವನ ಹೆಗಲ ಮೇಲೆ ಬಿತ್ತು. ಚೇತನ್ ತೂರಾಡಿ ಬಿದ್ದು, ಎದ್ದು, ಅಶ್ವತ್ಥನ ಮೂಗಿಗೆ ಗುದ್ದಿದ. ಇಬ್ಬರೂ ಗ್ರೀಸಿನ ನೆಲದ ಮೇಲೆ ಉರುಳಿದರು. ಬೋಲ್ಟುಗಳ ಡಬ್ಬಿ ಚೆಲ್ಲಿ ಚೆಲ್ಲಾಪಿಲ್ಲಿಯಾಯಿತು. ಪಕ್ಕದ ಪಂಚರ್ ಅಂಗಡಿಯ ಚಿಕ್ಕನರಸಯ್ಯ ಓಡಿ ಬಂದವನು ಒದೆ ತಿಂದು ಹಿಂದಕ್ಕೆ ಬಿದ್ದ. ಕಣ್ಣು ಮಿಟುಕಿಸುವಷ್ಟರಲ್ಲಿ ಅಶ್ವತ್ಥ ಮೇಲಿದ್ದ, ಚೇತನ್ ಕೆಳಗಿದ್ದ. ಕಬ್ಬಿಣದ ಪಟ್ಟಿ ಚೇತನನ ಗಂಟಲ ಮೇಲೆ ಅಡ್ಡಲಾಗಿತ್ತು. ಒಂದು ತುದಿ ಬಲಗೈಯಲ್ಲಿ, ಇನ್ನೊಂದು ತುದಿಯ ಮೇಲೆ ಮುರಿದ ಕೈಯ ಮೊಣಕೈ.

"ಕುಯ್ತೀಯೇನ್ಲಾ? ಕುಯ್ತೀಯಾ?"

ಚೇತನನ ಕಣ್ಣು ಮೇಲೆ ಸಿಕ್ಕಿಕೊಂಡಿತು. ಹಿಮ್ಮಡಿ ನೆಲವನ್ನು ಕೆರೆಯಿತು. ಹರ್ಷಿತಾ ಅಶ್ವತ್ಥನ ಕೂದಲು ಹಿಡಿದು ಎಳೆದಳು, ಅಂಗಿ ಹಿಡಿದು ಎಳೆದಳು. ಕುರಿಮರಿಗಳನ್ನು ಎದೆಗೊತ್ತಿ ಸೂಜಿ ಹಾಕುತ್ತಿದ್ದ ಆ ಮೈ ಬಂಡೆಯಾಗಿತ್ತು. ಒಂದು ಮಾತು ಹೇಳಿದರೆ ಅಪ್ಪ ಹೋಗುತ್ತಾರೆ. ಹೇಳದಿದ್ದರೆ ತಪ್ಪು ಮಾಡದ ಅಣ್ಣ ಸಾಯುತ್ತಾನೆ, ಪ್ರೀತಿಸಿದವನು ಕೊಲೆಗಾರನಾಗುತ್ತಾನೆ.

"ಅಣ್ಣ ಅಲ್ಲ!" ಎಂದು ಕಿರುಚಿದಳು. "ಅಪ್ಪ! ಕುಯ್ದಿದ್ದು ನಮ್ಮಪ್ಪ!"

ಪಟ್ಟಿ ಸಡಿಲವಾಯಿತು. ಚೇತನ್ ಕೆಮ್ಮುತ್ತಾ ಪಕ್ಕಕ್ಕೆ ಹೊರಳಿದ. ಅವನಿಗೆ ಉಸಿರು ಬಂದ ಕೂಡಲೇ ಮಾಡಿದ ಮೊದಲ ಕೆಲಸ, ಎದ್ದು ಬಂದು ತಂಗಿಯ ಕೆನ್ನೆಗೆ ಬಾರಿಸಿದ್ದು.

"ಅಪ್ಪನ ಮೇಲೆ ಹೇಳ್ತೀಯಾ? ಇವನಿಗೋಸ್ಕರ ಅಪ್ಪನ ಮೇಲೆ?"

ಒಣಗಿದ್ದ ತುಟಿ ಮತ್ತೆ ಸೀಳಿತು. ಅವಳು ಒರೆಸಿಕೊಳ್ಳಲಿಲ್ಲ. ರಸ್ತೆಯಲ್ಲಿ ಪರಿಚಿತವಾದ ಸದ್ದು ಕೇಳಿಸಿತ್ತು. ಜಯರಾಮಯ್ಯನವರ ಸ್ಕೂಟರು ಬಂದು ನಿಂತಿತು. ಮುಂದೆ ಕೊಕ್ಕೆಯಲ್ಲಿ ಊಟದ ಕ್ಯಾರಿಯರು.

ಅವರು ಇಳಿದರು. ಅಶ್ವತ್ಥ ಬದುಕಿ ನಿಂತಿರುವುದನ್ನು ನೋಡಿದರು. ಮುಖದಲ್ಲಿ ಏನೂ ಆಗಲಿಲ್ಲ. "ಏನಮ್ಮ ಇದು ರಕ್ತ?" ಎಂದು ಮಗಳ ತುಟಿಗೆ ತಮ್ಮ ಟವೆಲಿನ ತುದಿ ಹಿಡಿದರು.

"ಏನಿಲ್ಲಪ್ಪ. ಇದನ್ನ ಸ್ವಲ್ಪ ಒಳಕ್ಕೆ ಹಾಕ್ಬೇಕು. ಹ್ಯಾಂಡಲ್ ಹಿಡ್ಕೊ, ನಾನು ತಳ್ತೀನಿ."

ಅವರು ಅಶ್ವತ್ಥನ ಬೈಕಿನ ಹ್ಯಾಂಡಲ್ ಹಿಡಿದುಕೊಂಡರು. ಹರ್ಷಿತಾ ಹಿಂದಿನಿಂದ ತಳ್ಳಿದಳು. ಶೆಡ್ಡಿನ ಇಳುಕಲಿನಲ್ಲಿ ಬೈಕು ಗೋಡೆಯ ಕಡೆಗೆ ಜಾರಿತು.

"ಬ್ರೇಕು ಹಿಡಿ ಅಪ್ಪ!"

ಜಯರಾಮಯ್ಯನವರ ಎಡಗೈ ಮುಚ್ಚಿಕೊಂಡಿತು. ಲಿವರು ಟಪ್ಪೆಂದು ಹಿಡಿಗೆ ಬಡಿಯಿತು. ಬೈಕು ಗೋಡೆಗೆ ಗುದ್ದಿ ನಿಂತಿತು. ಸತ್ತ ಲಿವರನ್ನು ಹಿಡಿದುಕೊಂಡೇ ಇದ್ದ ಅಪ್ಪನಿಗೆ ಆಶ್ಚರ್ಯವೇ ಆಗಲಿಲ್ಲ. ಹರ್ಷಿತಾಳಿಗೆ ಕೊನೆಯ ಆಸೆ ಇದ್ದದ್ದು ಅದೊಂದರಲ್ಲೇ, ಅವರ ಆಶ್ಚರ್ಯದಲ್ಲಿ.

"ಅದು ಕ್ಲಚ್ಚು ಅಪ್ಪ," ಎಂದಳು. "ಬ್ರೇಕು ಆ ಕಡೆ ಇತ್ತು."

ಜಯರಾಮಯ್ಯ ತಮ್ಮ ಎಡಗೈಯನ್ನು ನೋಡಿಕೊಂಡರು. ಆಮೇಲೆ ಮಗನನ್ನು.

"ಇವನು ಕಡಿದೇ ಹಾಕ್ತಾನೆ ಅಂತ ಗೊತ್ತಿತ್ತು ಕಣಮ್ಮ. ಕಡಿದು ಜೈಲಿಗೆ ಹೋಗ್ತಾನೆ," ಎಂದರು, ಯಾವಾಗಿನ ಮೆಲುದನಿಯಲ್ಲೇ. "ಇಂಗಾದ್ರೆ ತಪ್ಪು ರಸ್ತೆ ಮೇಲೆ ಹೋಗ್ತದೆ. ಮನೆ ಮೇಲೆ ಬರಲ್ಲ. ನೀನು ಅಳ್ತಿದ್ದೆ. ಆಮೇಲೆ ಸರಿಹೋಗ್ತಿದ್ದೆ. ನಾನು ಸರಿ ಮಾಡ್ತಿದ್ದೆ." ಕ್ಯಾರಿಯರು ತೆಗೆದು ಬೆಂಚಿನ ಮೇಲಿಟ್ಟರು. "ಉಣ್ಣು, ಆರೋಗ್ತದೆ."

ಅಶ್ವತ್ಥ ಕಬ್ಬಿಣದ ಪಟ್ಟಿ ಎತ್ತಿದ. ಜಯರಾಮಯ್ಯ ತಲೆ ಬಗ್ಗಿಸಿದರು. ಈ ಸಲ ಹರ್ಷಿತಾ ತಡೆಯಲಿಲ್ಲ, ಚೇತನನೂ ತಡೆಯಲಿಲ್ಲ. ಪಟ್ಟಿ ಬಿದ್ದದ್ದು ಸ್ಕೂಟರಿನ ಮೇಲೆ. ಹೆಡ್‌ಲೈಟು ಚೂರಾಯಿತು, ಕನ್ನಡಿ ಹಾರಿತು, ಮುಂದಿನ ಪ್ಲಾಸ್ಟಿಕ್ಕು ಸಿಡಿದು ರಸ್ತೆಗೆ ಬಿತ್ತು. ಕೈ ಸೋಲುವವರೆಗೂ ಹೊಡೆದು, ಪಟ್ಟಿ ಎಸೆದು, ಅವನು ಚರಂಡಿಯ ಅಂಚಿನಲ್ಲಿ ಕೂತು ವಾಂತಿ ಮಾಡಿದ. ಚಿಕ್ಕನರಸಯ್ಯ ಕುಂಟುತ್ತಾ ಬಂದು ಅವನ ಬೆನ್ನು ಸವರಿ, ಒಂದು ಚೊಂಬು ನೀರು ಕೊಟ್ಟ.

"ಆಸ್ಪತ್ರೆಗೆ ಹೋಗನ," ಎಂದಳು ಹರ್ಷಿತಾ. "ಅಲ್ಲಿಂದ ಸ್ಟೇಷನ್ನಿಗೆ. ಕಂಪ್ಲೇಂಟು ನಾನೇ ಕೊಡ್ತೀನಿ."

"ಬೇಡ ಬುಡು," ಎಂದ ಅಶ್ವತ್ಥ. "ಜೀವ ಉಳೀತಲ್ಲ."

"ಹರ್ಷಿ, ಅಪ್ಪ ಕಣೇ," ಎಂದ ಚೇತನ್. ಅವನ ದನಿ ಚಿಕ್ಕ ಹುಡುಗನದಾಗಿತ್ತು.

"ನೀವಿಬ್ರೂ ದೊಡ್ಡ ಮನಸ್ಸಿನೋರು, ಬೇಕಿದ್ರೆ ಕ್ಷಮಿಸಿ. ನನ್ನ ಕೈಲಾಗಲ್ಲ. ನಾಳೆ ಅಪ್ಪ ಒಂದು ಲೋಟ ನೀರು ಕೊಟ್ರೂ ನಾನು ಮೂಸಿ ನೋಡ್ಬೇಕು. ಅಂಗೆ ಬದುಕೋಕಾಗಲ್ಲ ನನಗೆ."

ಜಯರಾಮಯ್ಯ ಓಡಿಹೋಗಲಿಲ್ಲ. ಪೊಲೀಸರು ಬರುವವರೆಗೂ ಶೆಡ್ಡಿನ ನೆಲದಲ್ಲಿ ಚೆಲ್ಲಿದ್ದ ಬೋಲ್ಟುಗಳನ್ನು ಆರಿಸಿ ಡಬ್ಬಿಗೆ ತುಂಬುತ್ತಾ ಕೂತಿದ್ದರಂತೆ.

ಬೈಕು ಸ್ಟೇಷನ್ನಿನಿಂದ ಬಿಡುಗಡೆಯಾಗಿ ಬಂದಾಗ ಅಶ್ವತ್ಥನ ಕೈ ಇನ್ನೂ ಪ್ಲಾಸ್ಟರಿನಲ್ಲೇ ಇತ್ತು. ಹರ್ಷಿತಾ ಪೇಟೆಯಲ್ಲಿ ಗೆಳತಿ ಅನುಷಾಳ ಮನೆಯಲ್ಲಿದ್ದಳು. ಅವನು ದಿನಾ ಬಸ್ಸಿನಲ್ಲಿ ಬರುತ್ತಿದ್ದ, ಬೆಂಚಿನ ಮೇಲೆ ಕೂರುತ್ತಿದ್ದ, ಮದುವೆಯ ಮಾತು ಮಾತ್ರ ಎತ್ತುತ್ತಿರಲಿಲ್ಲ. ಅವಳು ಹೊಸ ಪೈಪು ಜೋಡಿಸುವುದನ್ನೇ ನೋಡುತ್ತಿದ್ದ.

"ಏನು ನೋಡ್ತೀಯ?"

"ಒಂದಿನ ನೀನು ನನ್ನ ನೋಡಿ, ಇವನಿಂದ ನಮ್ಮಪ್ಪ ಒಳಗೋದ ಅಂದ್ಕೋತೀಯ. ಆ ದಿನ ಹೆಂಗಿರ್ತದೆ ನಿನ್ನ ಮುಖ ಅಂತ ನೋಡ್ತಿದ್ದೆ."

ಅವಳು ಸ್ಪ್ಯಾನರ್ ಕೆಳಗಿಟ್ಟಳು. "ಅಪ್ಪ ಒಳಗೋಗಿದ್ದು ನನ್ನಿಂದ. ನಿನ್ನ ಉಳಿಸ್ಕೊಂಡಿದ್ದೂ ನಾನೇ. ಎರಡೂ ನನ್ನವೇ. ನಿನಗೆ ಅದರಲ್ಲಿ ಪಾಲಿಲ್ಲ. ಸುಮ್ನೆ ಹೊತ್ಕೋಬೇಡ."

"ಮತ್ತೆ ನನಗೇನೈತೆ?"

"ನಾನಿದೀನಲ್ಲ." ಹೇಳಿ, ತಾನೇ ನಾಚಿ, ಆಯಿಲ್ ಸುರಿಯುವ ನೆಪದಲ್ಲಿ ತಿರುಗಿಕೊಂಡಳು. ಅವನು ನಗುವುದು ಬೆನ್ನಿಗೆ ಗೊತ್ತಾಯಿತು. ಆ ಘಟನೆಯ ನಂತರ ಅವನು ನಕ್ಕದ್ದು ಅದೇ ಮೊದಲು.

ಡಬ್ಬಿ ತುಂಬಿಯಾಯಿತು. ಲಿವರು ಹಿಡಿಯಲು ಅವನಿಗೆ ಎಡಗೈ ಇರಲಿಲ್ಲ. ಬಲಗೈಯಿಂದ ಹಿಡಿಯಲು ಹೋದರೆ ಬೈಕೇ ವಾಲುತ್ತಿತ್ತು. ಚಿಕ್ಕನರಸಯ್ಯನನ್ನು ಕರೆಯೋಣವೆಂದು ಅವಳು ತಲೆ ಎತ್ತಿದಾಗ ಶೆಡ್ಡಿನ ಬಾಗಿಲಲ್ಲಿ ಚೇತನ್ ನಿಂತಿದ್ದ. ಗಂಟಲ ಮೇಲಿನ ಗಾಯ ಹಳದಿಗೆ ತಿರುಗಿತ್ತು.

ಅವನು ಬಂದು ಬೈಕಿನ ಎಡಗಡೆ ನಿಂತು ಲಿವರು ಒತ್ತಿ ಹಿಡಿದ. ಅವಳು ಕೆಳಗೆ ಸ್ಕ್ರೂ ಸಡಿಲಿಸಿದಳು. ಗುಳ್ಳೆಗಳು ಬಂದವು, ಮತ್ತೆ ಬಿಗಿದಳು.

"ಬಿಡು," ಎಂದಳು. ಬಿಟ್ಟ. "ಹಿಡಿ." ಹಿಡಿದ.

ಗುಳ್ಳೆ ನಿಂತು ಲಿವರಿಗೆ ಜೀವ ಬರುವವರೆಗೆ ಅವರ ನಡುವೆ ಇದ್ದದ್ದು ಆ ಎರಡೇ ಮಾತು.

"ನೀನು ಹೊಡೆದಿದ್ದು ನಾನು ಮರ್ತಿಲ್ಲ ಅಣ್ಣ," ಎಂದಳು, ಕೈ ಒರೆಸಿಕೊಳ್ಳುತ್ತಾ.

"ಮರೀಬೇಡ." ಅವನು ಅಶ್ವತ್ಥನ ಕಡೆ ನೋಡಲಿಲ್ಲ, ಅವನ ಪ್ಲಾಸ್ಟರಿನ ಕಡೆ ನೋಡಿದ. "ನೆನ್ನೆ ಅಪ್ಪನ್ನ ನೋಡಕ್ಕೆ ಹೋಗಿದ್ದೆ. ಉಂಡ್ಲಾ ಅಂತ ಕೇಳಿದ್ರು."

ಹರ್ಷಿತಾ ಆಯಿಲ್ ಡಬ್ಬಿಯ ಮುಚ್ಚಳ ಹಾಕಿ ಬಿಗಿದಳು. ಅವಳು ಆ ಪ್ರಶ್ನೆಗೆ ಉತ್ತರ ಕಳಿಸಲಿಲ್ಲ. ಅಶ್ವತ್ಥ ಎದ್ದು ಬಂದು ಪಕ್ಕದಲ್ಲಿ ನಿಂತ, ಮುಟ್ಟದೆ, ಮುಟ್ಟಿದರೆ ಅತ್ತುಬಿಡುತ್ತಾಳೆಂದು ತಿಳಿದವನ ಹಾಗೆ. ಅವಳೇ ಅವನ ಬಲಗೈ ಹುಡುಕಿ ಹಿಡಿದಳು, ಅಣ್ಣನ ಎದುರಿಗೇ, ಗ್ರೀಸು ಮೆತ್ತಿದ ಕೈಯಿಂದ.

"ಕೊರಟಗೆರೆಯಲ್ಲಿ ರಿಜಿಸ್ಟರ್ ಮಾಡಿಸ್ಕೊಳ್ತೀವಿ," ಎಂದಳು. ಅದು ಅಶ್ವತ್ಥನಿಗೂ ಆಗ ತಾನೇ ಗೊತ್ತಾದ ಸಂಗತಿ. ಅವನ ಬಾಯಿ ತೆರೆದೇ ಇತ್ತು. "ಸಾಕ್ಷಿಗೆ ಮೂರು ಜನ ಬೇಕಂತೆ. ಇವರವ್ವ ಒಬ್ರು. ಚಿಕ್ಕನರಸಯ್ಯ ಬರ್ತೀನಿ ಅಂದವ್ನೆ."

ಚೇತನ್ ಹೊರಗೆ ಹೋಗಿ ತನ್ನ ಬೈಕು ಹತ್ತಿದ. ಸ್ಟಾರ್ಟ್ ಮಾಡಿದ. ಹೋಗಲಿಲ್ಲ. ಇಂಜಿನ್ ಆಫ್ ಮಾಡಿ, ತಿರುಗದೆಯೇ, ಯಾರಿಗೋ ಬೈಯುವವನ ಹಾಗೆ ಕೇಳಿದ:

"ಆಧಾರ್ ಕಾರ್ಡು ಜೆರಾಕ್ಸ್ ಸಾಕೇನೇ, ಇಲ್ಲ ಒರಿಜಿನಲ್ಲೂ ತರ್ಬೇಕಾ?"